ಎರಡು ಬೆರಳು ಗಿಡ್ಡ ಮೊಳ

ನಿಂಗಾಜಮ್ಮನ ಮೊಳ ಗಿಡ್ಡ ಎಂಬುದು ಹುಣಸೂರಿನ ನಮ್ಮ ಹಳೇ ಪೇಟೆ ಬೀದಿಯಲ್ಲಿ ಎಲ್ಲರಿಗೂ ಗೊತ್ತಿದ್ದ ಮಾತು. ಹೂವಿನ ಸರದ ತುದಿಯನ್ನು ಎಡ ಮೊಣಕೈಗೆ ಒತ್ತಿ, ನಡುಬೆರಳಿನ ತುದಿಯವರೆಗೆ ಎಳೆದು, ಚಕ್ಕನೆ ದಾರ ಕತ್ತರಿಸುತ್ತಿದ್ದಳು. ಕೈಯೇ ಗಿಡ್ಡವೋ, ಎಳೆಯುವಾಗ ಬೆರಳು ಮಡಚುತ್ತಾಳೋ ಎಂಬುದು ಮಾತ್ರ ಯಾರಿಗೂ ತಿಳಿದಿರಲಿಲ್ಲ. ಕೇಳಿದವರಿಗೆ, "ದ್ಯಾವ್ರು ನಂಗೆ ಇಷ್ಟೇ ಉದ್ದದ ಕೈ ಕೊಟ್ಟವ್ನೆ. ಜಗಳ ಇದ್ರೆ ಅವ್ನತ್ರ ಮಾಡೋಗಿ" ಎನ್ನುತ್ತಿದ್ದಳು.

ಮಕ್ಕಳೇ, ನೀವು ರಜೆಗೆ ಬಂದಾಗ ಸ್ಕೂಟರ್ ನಿಲ್ಲಿಸುತ್ತೀರಲ್ಲ, ಅಂಗಡಿ ಮುಂದಿನ ಆ ಕಪ್ಪು ಕಲ್ಲು ಹಾಸಿದ ಜಾಗ, ಅಲ್ಲಿ ನಮ್ಮ ಜಗುಲಿ ಇತ್ತು. ಮುಂದೆ ನಿಮ್ಮ ತಾತನ ಅಂಗಡಿ, ಹಿಂದೆ ಮನೆ. ಹೊಗೆಸೊಪ್ಪು ಕಟ್ಟುವ ದಾರ, ಹಗ್ಗ, ಗೋಣಿಚೀಲ ಮಾರುತ್ತಿದ್ದರು. ಕಟ್ಟೆಮಳಲವಾಡಿಯಿಂದ ಮೊದಲ ಬಸ್ಸಿಗೆ ಬರುವ ನಿಂಗಾಜಮ್ಮ ಜಗುಲಿಯ ಮೂಲೆಯಲ್ಲಿ, ನಮ್ಮ ಗೋಡೆಗೆ ಬೆನ್ನು ಕೊಟ್ಟು ಕೂರುತ್ತಿದ್ದಳು. "ಬೆನ್ನಿಗೆ ಗೋಡೆ ಇದ್ರೆ ಒಂದ್ ದಿಕ್ಕು ಕಾಯೋದು ಉಳೀತದೆ, ಅವ್ವಾರೆ" ಎಂದು ನನಗೆ ಹೇಳಿದ್ದಳು. ಉಳಿದ ಮೂರು ದಿಕ್ಕನ್ನು ದಿನವೆಲ್ಲ ಕಾಯುತ್ತಿದ್ದಳು.

ಅವಳಿಗೆ ಎಲ್ಲದರಲ್ಲೂ ಅನುಮಾನ. ಸಗಟು ಹೂವಿನ ಕುಕ್ಕೆಗೆ ಮೊಣಕೈವರೆಗೆ ಕೈ ಹಾಕಿ ತಳದ ಮೊಗ್ಗನ್ನು ತೆಗೆದು ಮೂಸುತ್ತಿದ್ದಳು. ಮೇಲಿನದು ಇಂದಿನದು, ಕೆಳಗಿನದು ನಿನ್ನೆಯದು ಎಂಬುದು ಅವಳ ಲೆಕ್ಕ. ಟೀ ಕೊಟ್ಟರೆ ಮೊದಲು ಕೊಟ್ಟವರು ಕುಡಿಯುವುದನ್ನು ನೋಡುತ್ತಿದ್ದಳು. ಯಾರಾದರೂ ಕಾರಣವಿಲ್ಲದೆ ನಗುತ್ತ ಮಾತಾಡಿಸಿದರೆ, ಅವರು ಹೋದ ಮೇಲೆ ಬುಟ್ಟಿಯಲ್ಲಿನ ಸರಗಳನ್ನು ಮತ್ತೊಮ್ಮೆ ಎಣಿಸುತ್ತಿದ್ದಳು.

ನನಗೂ ಅನುಮಾನದ ಬುದ್ಧಿಯಿತ್ತು. ಆದರೆ ನನ್ನದು ಬಾಯಿಲ್ಲದ ಅನುಮಾನ. ಹಳ್ಳಿ ಶಾಲೆಯಲ್ಲಿ ಓದಿ, ಈ ಪೇಟೆಗೆ ಸೊಸೆಯಾಗಿ ಬಂದವಳು. ನಾಲ್ಕು ಜನ ಸೇರಿದ ಕಡೆ ಮಾತಾಡಿದವಳಲ್ಲ. ದಿನಾ ಅವಳಿಂದ ದೇವರಿಗೆ ಒಂದು ಮೊಳ ಕಾಕಡ ಹೂ ಕೊಂಡು ಒಳಗೆ ಹೋಗಿ, ದೇವರ ಮನೆಯ ಬಾಗಿಲ ಚಿಲಕಕ್ಕೆ ಸರದ ತುದಿ ಹಿಡಿದು ಕೆಳಕ್ಕೆ ಬಿಡುತ್ತಿದ್ದೆ. ಅಂಗಡಿಯ ಕಬ್ಬಿಣದ ಅಳತೆ ಕಡ್ಡಿ ತಂದು, ಸರಿಯಾದ ಮೊಳಕ್ಕೆ ಚೌಕಟ್ಟಿನ ಮೇಲೆ ಮೊಳೆಯಿಂದ ಒಂದು ಗೀರು ಹಾಕಿದ್ದೆ. ಅವಳ ಸರ ಎರಡು ಬೆರಳು ಮೇಲೇ ನಿಲ್ಲುತ್ತಿತ್ತು. ಅಲ್ಲಿಗೂ ಒಂದು ಗೀರು ಹಾಕಿದೆ. ಇನ್ನೂ ಗಿಡ್ಡವಾದ ದಿನ ಹಿಡಿಯಬೇಕೆಂದು ಕಾದೆ. ಹಬ್ಬದ ನೂಕುನುಗ್ಗಲಿರಲಿ, ಅವಳಿಗೆ ಜ್ವರ ಬಂದಿರಲಿ, ಸರ ಅದೇ ಗೀರಿಗೆ ಬಂದು ನಿಲ್ಲುತ್ತಿತ್ತು. ನಿಮ್ಮ ತಾತ ಹೋದ ಮೇಲೆ ನಾನು ಹೂ ಮುಡಿಯುವುದು ನಿಂತಿತು. ಅಳೆಯುವುದು ನಿಲ್ಲಲಿಲ್ಲ.

ಆಮೇಲೆ ಪೇಟೆ ಬೀದಿಯನ್ನು ಹೊಸದು ಮಾಡುತ್ತಾರೆ ಎಂಬ ಸುದ್ದಿ ಬಂತು. ಬೀದಿ ಅಗಲ ಮಾಡಿ, ಚರಂಡಿ ಮುಚ್ಚಿ, ಕಲ್ಲು ಹಾಸಿ, ಎಲ್ಲ ಅಂಗಡಿಗೂ ಒಂದೇ ಥರದ ಬೋರ್ಡು ಹಾಕುತ್ತಾರಂತೆ. ಸುದ್ದಿ ಬಂದ ಹೊಸತರಲ್ಲೇ ಎದುರು ಅಂಗಡಿಯ ಯಜಮಾನ ತನ್ನ ಕಟ್ಟಡಕ್ಕೆ ಹಸಿರು ಪರದೆ ಕಟ್ಟಿಸಿದ. ಬಣ್ಣ ಹೊಡೆಸುತ್ತೇನೆ ಎಂದ.

"ಬಣ್ಣಕ್ಕೆ ಮೂರ್ ತಿಂಗ್ಳು ಪರದೆ ಯಾಕೆ? ಒಳಗೇನು ಮದ್ವಣಗಿತ್ತಿ ಕೂರ್ಸವ್ನಾ?" ಎಂದಳು ನಿಂಗಾಜಮ್ಮ.

ಪರದೆ ಬಿಚ್ಚಿದಾಗ ಹಳೇ ಮರದ ಕಂಬಗಳಿರಲಿಲ್ಲ. ಹೊಸ ಗೋಡೆ, ಹೊಸ ಮೆಟ್ಟಿಲು. ಚೆನ್ನಾಗಿದೆ ಎಂದರು ಎಲ್ಲರೂ.

ಆಯುಧಪೂಜೆಗೆ ಬೀದಿಗೆ ಅಡ್ಡಲಾಗಿ, ನಮ್ಮ ಜಗುಲಿಯ ಕಂಬದಿಂದ ಎದುರಿನ ಕಂಬಕ್ಕೆ ಚೆಂಡುಹೂವಿನ ಹಾರ ಕಟ್ಟುವುದು ಮೊದಲಿನಿಂದ ನಿಂಗಾಜಮ್ಮನ ಪಾಲಿನ ಕೆಲಸ. ಇಪ್ಪತ್ತನಾಲ್ಕು ಮೊಳ, ಒಂದು ಹೂ ಹೆಚ್ಚಿಲ್ಲ, ಒಂದು ಕಡಿಮೆಯಿಲ್ಲ. ಆ ವರ್ಷವೂ ಅಷ್ಟೇ ಕಟ್ಟಿ ತಂದಳು. ಎದುರಿನ ಹೊಸ ಗೋಡೆಗೆ ಮೊಳೆ ಹೊಡೆದು ಬಿಗಿದು ಕಟ್ಟಿದ ಮೇಲೂ ಹಾರದ ತುದಿ ಉಳಿದು ಜೋತಾಡಿತು. ಧಾರಾಳವಾಗಿ ಕಟ್ಟಿದ್ದಾಳೆ ಎಂದು ಜನ ಸಂತೋಷಪಟ್ಟರು. ಅವಳು ಜೋತ ತುದಿಯನ್ನು ಮೂರು ಸಲ ಅಳೆದಳು. ಮೂರು ಮೊಳ. ಬಂದು ನನ್ನ ಬಾಗಿಲಲ್ಲಿ ಕೂತಳು.

"ಅವ್ವಾರೆ, ನನ್ ಕೈ ಬೆಳೀತಾ, ಇಲ್ಲ ಬೀದಿ ಕುಗ್ತಾ?"

ಸ್ವಲ್ಪ ದಿನಕ್ಕೆ ಗುತ್ತಿಗೆದಾರನ ಕಡೆಯವರು ಟೇಪು ಹಿಡಿದು ಬಂದರು. ಈಗಿರುವ ಎರಡು ಕಟ್ಟಡಗಳ ಮುಂಭಾಗಗಳ ನಡುವೆ ಅಳೆದು, ಮಧ್ಯ ಹಿಡಿದು, ಎರಡು ಕಡೆಗೂ ಸಮ ಎಂದು ಕೆಂಪು ಬಣ್ಣ ಎಳೆದರು. ಎದುರಿನವನಿಗೆ ಅವನು ಹೊಸದಾಗಿ ಮುಂದೆ ತಂದಿದ್ದಷ್ಟು ಹೋಗಿ, ಹಳೆಯದರಲ್ಲಿ ಚೂರು ಹೋಗುತ್ತಿತ್ತು. ನಮ್ಮ ಕಡೆ ಜಗುಲಿ ಪೂರ್ತಿ ಹೋಗಿ, ಗೆರೆ ಮುಂಗೋಡೆಯನ್ನೂ ದಾಟಿ ಅಂಗಡಿಯೊಳಗೆ ಬಿದ್ದಿತ್ತು. ಆ ಗೋಡೆ ಹೋದರೆ ತೊಲೆ ನಿಲ್ಲುವುದಿಲ್ಲ. ತೊಲೆ ಹೋದರೆ ಮನೆಯೇ ಇಲ್ಲ.

ಗೆರೆ ನೋಡಲು ಎಂಜಿನಿಯರ್ ಬಂದಳು. ನಿಮ್ಮ ಅತ್ತೆಯ ವಯಸ್ಸಿನ ಹುಡುಗಿ. ನಿಂಗಾಜಮ್ಮ ಜಗುಲಿಯ ಮೇಲೆ ಎದ್ದು ನಿಂತಳು.

"ಎಂಜಿನಿಯರಮ್ಮ, ಈ ಬೀದಿ ಇಪ್ಪತ್ನಾಕು ಮೊಳ. ಈಗ ಇಪ್ಪತ್ತೊಂದೇ ಅದೆ. ಮಿಕ್ಕ ಮೂರು ಮೊಳ ಯಾರ ಒಟ್ಟೇಲದೆ ಕೇಳಿ!"

ಎದುರಿನ ಯಜಮಾನ ಜೋರಾಗಿ ನಕ್ಕ. "ಇವ್ಳ ಕೈಗೆ ದಿನಕ್ಕೊಂದು ಅಳತೆ ಕಣಮ್ಮ. ಹೂವಲ್ಲೇ ಮೋಸ, ಇನ್ನು ಬೀದಿ ಅಳೀತಾಳಾ?"

ಜನವೂ ನಕ್ಕರು. ಮೊಳಕ್ಕಾಗಿ ಅವಳ ಹತ್ತಿರ ಜಗಳ ಕಾದವರೆಲ್ಲ ಹೆಚ್ಚು ನಕ್ಕರು.

"ಅಜ್ಜಿ, ಮೊಳ ಒಂದೊಂದು ಸಲ ಒಂದೊಂದು ಥರ ಬರುತ್ತಲ್ವಾ? ನಾನು ಏನಂತ ಬರ್ಕೊಳ್ಳಲಿ?" ಎಂದಳು ಎಂಜಿನಿಯರ್.

ನಿಂಗಾಜಮ್ಮ ತನ್ನ ಎಡಗೈಯನ್ನೇ ನೋಡುತ್ತ ನಿಂತಳು.

ನಾನು ಬಾಗಿಲ ಹಿಂದಿದ್ದೆ. ಮಾತಾಡದಿದ್ದರೆ ಮನೆ ಹೋಗುತ್ತದೆ. ಮಾತಾಡಿದರೆ ಇಷ್ಟು ವರ್ಷ ಕದ್ದು ಅಳೆದದ್ದು ಅವಳಿಗೆ ಗೊತ್ತಾಗುತ್ತದೆ. ಸೆರಗು ಹೊದ್ದು ಹೊರಗೆ ಬಂದೆ.

"ಅವ್ಳ ಮೊಳ ಬದಲಾಗಲ್ಲಮ್ಮ. ಎರಡು ಬೆರಳು ಗಿಡ್ಡ. ಯಾವತ್ತೂ ಎರಡೇ ಬೆರಳು. ನಾನು ಅಳ್ದಿದೀನಿ."

"ಎಷ್ಟು ಸಲ?"

"ದಿನಾ."

ನಿಂಗಾಜಮ್ಮ ತಿರುಗಿ ನನ್ನನ್ನು ನೋಡಿದಳು. ನಾನು ನೆಲ ನೋಡಿದೆ.

ಎಂಜಿನಿಯರ್ ಹುಡುಗಿ ನಗಲಿಲ್ಲ. ಹೂವಿಲ್ಲದ ಬರೀ ದಾರವನ್ನು ಒಂದು ಮೊಳ ಕತ್ತರಿಸಲು ನಿಂಗಾಜಮ್ಮನಿಗೆ ಹೇಳಿ, ಒಳಗೆ ತಂದು ನಾನು ತೋರಿಸಿದ ಚಿಲಕದಿಂದ ಕೆಳಕ್ಕೆ ಬಿಟ್ಟಳು. ತುದಿ ನನ್ನ ಹಳೇ ಗೀರಿನ ಮೇಲೆ ನಿಂತಿತು. ಇನ್ನೆರಡು ಸಲ ಕತ್ತರಿಸಿದರೂ ಅಲ್ಲೇ. ಆಮೇಲೆ ಆ ದಾರ ಅಳೆದು, ಫೋನಿನಲ್ಲಿ ಇಪ್ಪತ್ತನಾಲ್ಕರಿಂದ ಗುಣಿಸಿ, ನಮ್ಮ ಕಂಬದಿಂದ ತನ್ನ ಟೇಪು ಎಳೆಸಿದಳು. ಟೇಪಿನ ತುದಿ ಎದುರಿನ ಅಂಗಡಿಯೊಳಗೆ, ಹೊಳೆಯುವ ಟೈಲ್ಸಿನ ಮೇಲೆ ಹೋಗಿ ನಿಂತಿತು.

"ಇದರ ಕೆಳಗೇನಿದೆ?"

"ಏನಿರ್ತದೆ, ಮಣ್ಣು" ಎಂದ ಯಜಮಾನ.

ಎರಡು ಟೈಲ್ಸ್ ಎಬ್ಬಿಸಿದರು. ಹಳೇ ಕಂಬದ ಕಲ್ಲು, ನಡುವೆ ದುಂಡನೆಯ ಕುಳಿಯೊಂದಿಗೆ, ಅಲ್ಲೇ ಇತ್ತು. ಯಜಮಾನ ಫೋನ್ ಬಂತೆಂದು ಕಿವಿಗೆ ಹಿಡಿದು ಹೊರಗೆ ಹೋದ. ಫೋನ್ ರಿಂಗಾದದ್ದು ಯಾರಿಗೂ ಕೇಳಿರಲಿಲ್ಲ.

ನಮ್ಮ ಕಡೆಯ ಕೆಂಪು ಗೆರೆ ಬೀದಿಯತ್ತ ಸರಿಯಿತು. ಗೋಡೆ ಉಳಿಯಿತು. ನೀವು ಬಂದು ಮಲಗುವ ಮನೆ ಉಳಿಯಿತು. ಜಗುಲಿ ಮಾತ್ರ ಯಾವ ಗೆರೆಯಾದರೂ ಹೋಗುತ್ತಿತ್ತು. ಅಂದರೆ ಆ ವಾದದಲ್ಲಿ ನಿಂಗಾಜಮ್ಮನಿಗೆ ದಕ್ಕುವುದೇನೂ ಇರಲಿಲ್ಲ. ಎಲ್ಲದರಲ್ಲೂ ಅನುಮಾನ ಪಡುತ್ತಿದ್ದವಳಿಗೆ ಇದೊಂದು ತಿಳಿಯದೆ ಇದ್ದೀತೇ?

ಆಮೇಲೆ ಒಂದು ವಾರ ನನ್ನೊಡನೆ ಮಾತು ಕಡಿಮೆ ಮಾಡಿದಳು. ಜಗುಲಿ ಒಡೆಯುವ ಹಿಂದಿನ ದಿನ ಬುಟ್ಟಿ, ಮಣೆ ಕಟ್ಟಿಕೊಂಡು ಬಾಗಿಲಿಗೆ ಬಂದಳು.

"ದಿನಾ ಅಳೀತಿದ್ರಾ?"

"ಹ್ಞೂ."

"ಇಡೀ ಪ್ಯಾಟೆನೇ ಅನ್ಮಾನದಲ್ಲಿ ನೋಡ್ದೆ ನಾನು. ಬೆನ್ನಿಂದೆ ಗೋಡೆ ಅದೆ, ಆ ಕಡೆ ನೋಡೋ ಕೆಲ್ಸಿಲ್ಲ ಅಂದ್ಕಂಡಿದ್ದೆ." ಕೋಪವೋ ನಗುವೋ ನನಗೆ ತಿಳಿಯಲಿಲ್ಲ. ಬುಟ್ಟಿಯಿಂದ ಕಾಕಡದ ಸರ ಎತ್ತಿದಳು. "ಕೈ ಚಾಚಿ."

"ನನ್ನ ಕೈ ಯಾಕೆ?"

"ಚಾಚಿ ಅಂದ್ರೆ ಚಾಚಿ. ಇವತ್ತು ನಿಮ್ ಮೊಳ."

ನನ್ನ ಮೊಣಕೈಗೆ ಸರದ ತುದಿ ಒತ್ತಿ ಬೆರಳ ತುದಿಯವರೆಗೆ ಎಳೆದಳು. ಎಷ್ಟೋ ವರ್ಷದ ಮೇಲೆ ತಣ್ಣನೆಯ ಹೂ ನನ್ನ ಮೈಗೆ ತಾಗಿತು. ದಾರ ಕತ್ತರಿಸಿ, ಹಿಂದೆ ನೋಡದೆ ಬಸ್ ಸ್ಟ್ಯಾಂಡಿನ ಕಡೆ ಹೋದಳು. ಆ ಸರವನ್ನು ನಾನು ಚಿಲಕಕ್ಕೆ ಹಿಡಿಯಲಿಲ್ಲ.

ಹೊಸ ಕಲ್ಲಿನ ಮೇಲೆ ಈಗ ಬುಟ್ಟಿ ಇಡಲು ಬಿಡುವುದಿಲ್ಲ. ನಿಂಗಾಜಮ್ಮ ಕೊಪ್ಪದ ಕಡೆ ಹೂ ಮಾರುತ್ತಾಳೆ ಎಂದು ಒಬ್ಬರು, ಮಗಳ ಮನೆಯಲ್ಲಿ ಹಾಸಿಗೆ ಹಿಡಿದಿದ್ದಾಳೆ ಎಂದು ಇನ್ನೊಬ್ಬರು ಹೇಳುತ್ತಾರೆ. ಕಣ್ಣಾರೆ ಕಾಣದೆ ನಾನು ಎರಡನ್ನೂ ನಂಬಿಲ್ಲ. ದೇವರಿಗೆ ಹೂವನ್ನು ಗಾಜಿನ ಬಾಗಿಲ ಅಂಗಡಿಯಿಂದ ಪ್ಲಾಸ್ಟಿಕ್ ಕವರಿನಲ್ಲಿ ತರುತ್ತೇನೆ. ಒಂದು ದಿನ ಒಂದು ಬೆರಳು ಹೆಚ್ಚು, ಒಂದು ದಿನ ನಾಲ್ಕು ಬೆರಳು ಕಡಿಮೆ.

ಹೋದ ತಿಂಗಳು ಒಂದು ಬೆಳಿಗ್ಗೆ ಸರ ಸರಿಯಾಗಿ ಅವಳ ಗೀರಿನ ಮೇಲೆ ಬಂದು ನಿಂತಿತು. ನಾನು ಸೆರಗು ಹೊದ್ದುಕೊಂಡು ಬೀದಿಗಿಳಿದೆ. ಈ ತುದಿಯಿಂದ ಆ ತುದಿಯವರೆಗೆ, ಎಲ್ಲಾದರೂ ಗೋಡೆಗೆ ಬೆನ್ನು ಕೊಟ್ಟು ಕೂತಿದ್ದಾಳೇನೋ ಎಂದು ನೋಡಿಕೊಂಡು ಬಂದೆ.