ಚಾವಡಿಯ ಅಂಗಳದ ತ್ರಿಕೋಣ

ಮೊನ್ನೆ ಕಡೂರಿನ ನಮ್ಮ ಮನೆಯ ಬಾಗಿಲು ಸರಿಮಾಡಲು ಬಂದ ಬಡಗಿ ಕಾವಿನೀರಿನಲ್ಲಿ ದಾರ ಅದ್ದಿ, ಹಲಗೆಯ ಮೇಲೆ ಬಿಗಿಯಾಗಿ ಹಿಡಿದು ಮೀಟಿದ. ಕೆಂಪು ಗೆರೆ ಮೂಡಿತು. ಒದ್ದೆ ಕಾವಿಯ ವಾಸನೆ ಮೂಗಿಗೆ ಬಡಿದದ್ದೇ ತಡ, ಅಜ್ಜಂಪುರದ ಪಕ್ಕದ ಹಳ್ಳಿಯೊಂದರಲ್ಲಿ ಮರಗೆಲಸ ಮಾಡುತ್ತಿದ್ದ ಆಚಾರ್ರು ನೆನಪಾದರು. ಅವರು ಹೋಗಿ ಎಷ್ಟು ವರ್ಷವಾಯಿತೋ...

ನಾನಾಗ ಆ ಹಳ್ಳಿಗೆ ಹೊಸ ಮೇಷ್ಟ್ರು. ಮೈಸೂರಿನಲ್ಲಿ ಓದಿ ಪಾಸು ಮಾಡಿದ ಹಮ್ಮು ತಲೆಗೇರಿತ್ತು. ಶಾಲೆ ನಡೆಯುತ್ತಿದ್ದುದು ಅರಳಿಕಟ್ಟೆಯ ಮೇಲೆ. ಊರಿನ ಹಳೆಯ ಚಾವಡಿಗೆ ಗೋಡೆ, ಕಲ್ಲುಕಂಬ ಎಲ್ಲ ಇದ್ದವು, ಸೂರು ಮಾತ್ರ ಬಿದ್ದುಹೋಗಿತ್ತು. ತರೀಕೆರೆಯಿಂದ ಬಂದ ಇನ್ಸ್‌ಪೆಕ್ಟರು, ಮಳೆಗಾಲಕ್ಕೆ ಮುಂಚೆ ಚಾವಡಿಗೆ ಸೂರು ಏಳದಿದ್ದರೆ ಶಾಲೆಯನ್ನು ಬೇರೆ ಊರಿಗೆ ಕೊಡುತ್ತೇವೆಂದು ಹೇಳಿ ಹೋದರು. ಊರ ಗೌಡರು ಓಡಾಡಿ ಲಕ್ಕವಳ್ಳಿ ಕಾಡಿನಿಂದ ಗಾಡಿಯಲ್ಲಿ ತೇಗ ತರಿಸಿದರು. ಬಂದದ್ದು ಕೆಲಸಕ್ಕೆ ಎಷ್ಟು ಬೇಕೋ ಅಷ್ಟೇ ಮರ. ಒಂದು ತುಂಡು ಕೆಟ್ಟರೂ ಆ ವರ್ಷ ಇನ್ನೊಂದು ಸಿಗುವ ಮಾತೇ ಇರಲಿಲ್ಲ.

ಗೋಡೆಯ ಮಟ್ಟದ ತೊಲೆಯ ಮೇಲೆ ನಿಂತು ಸೂರಿನ ನಡುನೆತ್ತಿಯನ್ನು ಹೊರುವ ಕಂಬವನ್ನು ಆಚಾರ್ರು ಮೊದಲೇ ಕೆತ್ತಿ ಇಟ್ಟಿದ್ದರು. ಆ ಕಂಬಕ್ಕೂ ಗೋಡೆಗೂ ನಡುವೆ ಇಳಿಜಾರನ್ನು ಹೊರಲು ನಾಲ್ಕು ಗಿಡ್ಡ ಕಂಬ ಬೇಕಿತ್ತು. ಅವು ಕೆಳಗಿನ ಕಲ್ಲುಕಂಬಗಳ ನೇರಕ್ಕೇ ನಿಲ್ಲಬೇಕು. ಉಳಿದಿದ್ದ ಒಂದೇ ದಿಮ್ಮಿಯಲ್ಲಿ ನಾಲ್ಕೂ ಆಗಬೇಕು. ಅವುಗಳ ಉದ್ದವೆಷ್ಟು? ಅದೇನು ಮಹಾ, ನಾನು ಲೆಕ್ಕ ಹಾಕಿ ಕೊಡುತ್ತೇನೆ ಅಂದೆ. ಯಾರೂ ನನ್ನನ್ನು ಕೇಳಿರಲಿಲ್ಲ.

ಆಗೆಲ್ಲ ಕಟ್ಟಡಕ್ಕೆ ಯಜಮಾನನ ಮೊಣಕೈಯಿಂದ ನಡುಬೆರಳ ತುದಿಯವರೆಗೆ ಅಳೆದು ಒಂದು ಕೋಲು ಕತ್ತರಿಸುತ್ತಿದ್ದರು. ಕೆಲಸ ಮುಗಿಯುವ ತನಕ ಅದೇ ಮೊಳ. ನಮ್ಮ ಗೌಡರು ಊರಿಗೇ ದೊಡ್ಡವರು, ಆದರೆ ಆಳು ಕುಳ್ಳು. ಅವರ ಕೋಲಿನಿಂದ ನೆಲ ಅಳೆದೆ. ಗೋಡೆಯಿಂದ ನಡುವಿಗೆ ಒಂಬತ್ತು ಮೊಳ, ಗೋಡೆಯಿಂದ ಕಲ್ಲುಕಂಬಕ್ಕೆ ಆರು ಮೊಳ. ನಡುಗಂಬವನ್ನು ಮಾತ್ರ ನನ್ನ ಅಡಿಪಟ್ಟಿಯಲ್ಲಿ ಅಳೆದೆ, ಆರಡಿ. ಮೊಳಕ್ಕೆ ಒಂದೂವರೆ ಅಡಿ ಎಂದು ಪುಸ್ತಕದಲ್ಲಿತ್ತು, ಹಾಗಾಗಿ ನಾಲ್ಕು ಮೊಳ ಎಂದು ಬರೆದುಕೊಂಡೆ. ಒಂಬತ್ತಕ್ಕೆ ನಾಲ್ಕಾದರೆ ಆರಕ್ಕೆ ಎಷ್ಟು? ಮೊಳಕ್ಕೆ ಇಪ್ಪತ್ತನಾಲ್ಕು ಬೆರಳಿನಂತೆ ಎರಡು ಮೊಳ ಹದಿನಾರು ಬೆರಳು. ಚೀಟಿ ಬರೆದುಕೊಟ್ಟು, "ಮರ ಮಿಗುತ್ತೆ ಆಚಾರ್ರೇ, ನನಗೊಂದು ಕುರ್ಚಿ ಮಾಡ್ಕೊಡಿ" ಅಂತಲೂ ಹೇಳಿದೆ!

ಮಾರನೆಯ ಬೆಳಿಗ್ಗೆ ಹೋದರೆ ಆಚಾರ್ರು ಗರಗಸ ಪಕ್ಕಕ್ಕಿಟ್ಟು ಕೂತಿದ್ದರು.

"ಮೇಷ್ಟ್ರೇ, ಯಾಕೋ ಗಿಡ್ಡ ಅನ್ನಿಸ್ತೈತೆ" ಅಂದರು.

ನನಗೆ ಸಿಟ್ಟು ಬಂತು. "ಲೆಕ್ಕ ಸುಳ್ಳು ಹೇಳುತ್ತಾ?"

ಅವರು ಕೋಲು ಹಿಡಿದು ಎದ್ದರು. ಚಾವಡಿಯ ಮುಂದೆ ಸಾರಿಸಿದ ಅಂಗಳದಲ್ಲಿ ಒಂಬತ್ತು ಮೊಳ ಅಳೆದು ಕಾವಿದಾರ ಮೀಟಿದರು. ಆ ಗೆರೆಯ ಒಂದು ತುದಿಗೆ ನಡುಗಂಬವನ್ನೇ ತಂದು ಮಲಗಿಸಿ, ಮೂಲೆಮಟ್ಟ ಹಿಡಿದು ಗೆರೆಗೆ ಲಂಬ ಮಾಡಿದರು. ಕಂಬದ ತಲೆಯಿಂದ ಗೆರೆಯ ಇನ್ನೊಂದು ತುದಿಗೆ ಮತ್ತೆ ದಾರ ಮೀಟಿದರು. ಅದು ಸೂರಿನ ಇಳಿಜಾರು. ಆಮೇಲೆ ಆ ತುದಿಯಿಂದ ಆರು ಮೊಳದ ಗುರುತಿನಲ್ಲಿ, ಮಲಗಿದ ಕಂಬಕ್ಕೆ ಸಮಾನಾಂತರವಾಗಿ, ಇಳಿಜಾರನ್ನು ಮುಟ್ಟುವವರೆಗೆ ಇನ್ನೊಂದು ಗೆರೆ.

"ಈ ಗೆರೆ ಎಷ್ಟೋ ನಮ್ಮ ಕಂಬ ಅಷ್ಟು ಕಣ್ರೀ" ಎಂದು ಕೋಲಿಟ್ಟರು. ಸರಿಯಾಗಿ ಮೂರು ಮೊಳ. ನನ್ನ ಚೀಟಿ ಎಂಟು ಬೆರಳು ಗಿಡ್ಡ!

ನನಗೆ ಮೈ ಜುಮ್ಮೆಂದಿತು. ತ್ರಿಕೋಣದ ಒಂದು ಭುಜಕ್ಕೆ ಸಮಾನಾಂತರವಾಗಿ ಎಳೆದ ರೇಖೆ ಉಳಿದೆರಡು ಭುಜಗಳನ್ನು ಒಂದೇ ಪ್ರಮಾಣದಲ್ಲಿ ಭಾಗಿಸುತ್ತದೆ ಎಂದು ನಾನು ಬಾಯಿಪಾಠ ಮಾಡಿದ್ದೆ, ಮಕ್ಕಳಿಗೂ ಮಾಡಿಸುತ್ತಿದ್ದೆ. ಅದನ್ನು ಕಣ್ಣಾರೆ ಕಂಡದ್ದು ಅವತ್ತೇ. ಪುಸ್ತಕದಲ್ಲಿ ಹೆಬ್ಬೆರಳಷ್ಟಿದ್ದದ್ದು ಇಲ್ಲಿ ಒಳಗೆ ಹೋಗಿ ಓಡಾಡುವಷ್ಟು ದೊಡ್ಡದಾಗಿ ಬಿದ್ದುಕೊಂಡಿತ್ತು. ನಾನು ಅದರೊಳಗೆ ಹೋಗಿ ಸುಮ್ಮನೆ ನಿಂತುಬಿಟ್ಟೆ...

ಆಚಾರ್ರು ನನ್ನ ಅಡಿಪಟ್ಟಿಯನ್ನು ಗೌಡರ ಕೋಲಿನ ಪಕ್ಕ ಇಟ್ಟು ತೋರಿಸಿದರು. ಗೌಡರ ಮೊಳ ಹದಿನಾರೇ ಇಂಚು, ಪುಸ್ತಕದ್ದು ಹದಿನೆಂಟು. ಎರಡು ಮೊಳ ಬೆರೆಸಿ ನಾನು ಲೆಕ್ಕ ಹಾಕಿದ್ದೆ.

"ಗೌಡ್ರ ಮೊಳ ಆದ್ರೂ ಆಯ್ತು, ನಿಮ್ಮ ಅಡಿ ಆದ್ರೂ ಆಯ್ತು, ಎಲ್ಲಾದ್ಕೂ ಒಂದೇ ಇರ್ಲಿ ಮೇಷ್ಟ್ರೇ. ಪಾಲು ಬದಲಾಗಾಕಿಲ್ಲ" ಅಂದರು. ಅಷ್ಟು ಹೇಳಲು ನನ್ನ ಪುಸ್ತಕ ನಾಲ್ಕು ಪುಟ ತೆಗೆದುಕೊಂಡಿತ್ತು.

ಅಷ್ಟರಲ್ಲಿ ಗೌಡರು ಬಂದರು. "ಏನ್ ಆಚಾರ್ರೇ, ಇನ್ನೂ ಕೊಯ್ದಿಲ್ವಾ?"

ಆಚಾರ್ರು ಗರಗಸ ಎತ್ತಿಕೊಳ್ಳುತ್ತ, "ಮೇಷ್ಟ್ರು ಇನ್ನೊಂದ್ಸಲ ನೋಡನಾ ಅಂದ್ರು. ನೋಡಿದ್ದು ಒಳ್ಳೇದಾಯ್ತು ಗೌಡ್ರೇ, ತಪ್ಪು ಸಿಕ್ತು" ಅಂದರು.

"ಓದಿದೋರು ಓದಿದೋರೇ ಬಿಡಿ" ಎಂದು ಗೌಡರು ನನ್ನ ಬೆನ್ನು ತಟ್ಟಿದರು. ನಾನು ಪೆಚ್ಚುನಗೆ ನಕ್ಕೆ. ಬಾಯಿ ಬಿಡಲಿಲ್ಲ.

ನಾಲ್ಕು ಕಂಬವೂ ಒಂದು ಬೆರಳು ಹೆಚ್ಚುಕಮ್ಮಿಯಾಗದೆ ಕೂತವು. ಮೊದಲ ಮಳೆ ಹನಿದಾಗ ಮಕ್ಕಳು ಸೂರಿನ ಕೆಳಗೆ ಮಗ್ಗಿ ಹೇಳುತ್ತಿದ್ದರು. ಆಮೇಲೆ ಪ್ರತಿವರ್ಷ ಆ ತ್ರಿಕೋಣದ ಪಾಠ ಬಂದಾಗ ನಾನು ಮಕ್ಕಳನ್ನು ಅಂಗಳಕ್ಕೆ ಕರೆದುಕೊಂಡು ಹೋಗಿ ಕಾವಿದಾರ ಮೀಟುತ್ತಿದ್ದೆ. ಒಮ್ಮೆ ಅದನ್ನು ನೋಡಿದ ಇನ್ಸ್‌ಪೆಕ್ಟರು, ಮೇಷ್ಟರ ಸ್ವಂತ ಬೋಧನಾಕ್ರಮ ಶ್ಲಾಘನೀಯ ಎಂದು ಶಾಲೆಯ ಪುಸ್ತಕದಲ್ಲಿ ಬರೆದರು. ಆಚಾರ್ರು ಅವತ್ತು ಅಲ್ಲೇ ಬೇಲಿಯ ಪಕ್ಕ ನಿಂತಿದ್ದರು. "ಚೆನ್ನಾಗಿ ತೋರಿಸ್ತೀರಿ ಮೇಷ್ಟ್ರೇ" ಅಂದರು. ಆ ಮಾತಿನಲ್ಲಿ ಕೊಂಕು ಇತ್ತೇ ಎಂದು ಎಷ್ಟು ಹುಡುಕಿದರೂ ಸಿಗಲಿಲ್ಲ. ನಾಚಿಕೆಯಿಂದ ಸತ್ತುಹೋದೆ, ಆದರೂ ಹೇಳಲಿಲ್ಲ. ನಾಳೆ ಹೇಳೋಣ, ಗೌಡರೆದುರಿಗೇ ಹೇಳೋಣ ಅಂದುಕೊಂಡೆ. ಅಷ್ಟರಲ್ಲಿ ಕಡೂರಿಗೆ ವರ್ಗವಾಯಿತು. ಮತ್ತೆ ಆ ಊರಿಗೆ ಹೋಗುವ ಹೊತ್ತಿಗೆ ಗೌಡರೂ ಇರಲಿಲ್ಲ, ಆಚಾರ್ರೂ ಇರಲಿಲ್ಲ...

ಈಗಲೂ ಆ ಊರಿನಲ್ಲಿ, ಶಾಲೆಯ ಸೂರನ್ನು ಉಳಿಸಿದ್ದು ಹಿಂದಿದ್ದ ಮೇಷ್ಟರ ಲೆಕ್ಕ ಎಂದೇ ಹೇಳುತ್ತಾರಂತೆ. ಅಲ್ಲ. ಅವತ್ತು ಇನ್ನೊಂದು ಸಲ ನೋಡೋಣ ಎಂದದ್ದು ನಾನಲ್ಲ. ಇದನ್ನು ಹೇಳಲೇಬೇಕಾಗಿದ್ದ ಇಬ್ಬರೂ ಹೋದ ಮೇಲೆ, ಧೈರ್ಯ ಮಾಡಿ ಕಾಗದಕ್ಕೆ ಹೇಳುತ್ತಿದ್ದೇನೆ.