ಓದಿ ಹೇಳಿದ ಮೇಲೆ ಹೆಬ್ಬೆಟ್ಟು

ಯಮುನಾಬಾಯಿಯವರ ಕರಿ ಕೋಟಿಗೆ ಯಾವಾಗಲೂ ಪೆಟ್ರೋಲಿನ ವಾಸನೆ. ರಾಯಚೂರಿನಿಂದ ದೇವದುರ್ಗ, ಮಾನ್ವಿ ಕೋರ್ಟುಗಳಿಗೆ ಅವರು ಹೋಗುತ್ತಿದ್ದುದು ಮೋಟಾರ್ ಸೈಕಲ್ ಮೇಲೆ, ಸೆರಗನ್ನು ಸೊಂಟಕ್ಕೆ ಬಿಗಿದು. ಹಿಂದೆ ಫೈಲು ಅವುಚಿಕೊಂಡು ಕಣ್ಣು ಮುಚ್ಚಿ ಕೂತಿರುತ್ತಿದ್ದವನು ಅವರ ಜೂನಿಯರ್ ಆದ ನಾನು. ದಾರಿಯ ಮಸರಕಲ್ಲಿನ ಚಹಾದಂಗಡಿಯವರು ನನ್ನನ್ನು ನೋಡಿ ನಗುತ್ತಿದ್ದರು.

ಒಮ್ಮೆ ಕೃಷ್ಣೆ ತುಂಬಿ ಹರಿಯುವಾಗ, ನಡುಗಡ್ಡೆಯಲ್ಲಿ ಗಂಡನಿಂದ ಹೊಡೆಸಿಕೊಂಡ ಬಾಣಂತಿಯೊಬ್ಬಳ ಹೇಳಿಕೆ ಬರೆದುಕೊಳ್ಳಬೇಕಿತ್ತು. ಅಂಬಿಗ ಒಲ್ಲೆ ಎಂದ. ಎಲ್ಲರೂ ಬಾಯಾರು ಎನ್ನುತ್ತಿದ್ದ ನಮ್ಮ ವಕೀಲರು ಹೋಗಿ ಹರಿಗೋಲಿನಲ್ಲಿ ಕೂತೇಬಿಟ್ಟರು. "ಮುಳುಗಿದ್ರ ಇಬ್ರೂ ಮುಳುಗೂಣು, ನಡಿ ಯಪ್ಪಾ," ಎಂದರು. ನಾನು ದಂಡೆಯಲ್ಲೇ ಉಳಿದೆ. ನನ್ನ ಯೋಗ್ಯತೆ ಅವರಿಗೆ ಅಂದೇ ತಿಳಿಯಬೇಕಿತ್ತು.

ಅವರ ಆಫೀಸಿಗೆ ಒಂದೇ ಕಟ್ಟಳೆ. ಓದು ಬಾರದವರಿಗೆ ಕಾಗದವನ್ನು ಅವರ ಮಾತಿನಲ್ಲೇ ಪೂರ್ತಿ ಓದಿ ಹೇಳಬೇಕು, ಅವರು ಅದನ್ನು ತಿರುಗಿ ನಮಗೆ ಹೇಳಬೇಕು, ಆಮೇಲೆ ಹೆಬ್ಬೆಟ್ಟು. "ಓದಿ ಹೇಳಲಾರ್ದ ಒತ್ತಿಸ್ಕೊಂಡ ಹೆಬ್ಬೆಟ್ಟು ಕಳವಿನ ಮಾಲಿದ್ದಂಗ," ಎನ್ನುತ್ತಿದ್ದರು. ಮುಂದೆ ಸರ್ಕಾರಿ ವಕೀಲರಾದಾಗಲೂ ಇದನ್ನು ಬಿಡಲಿಲ್ಲ, ಗುಮಾಸ್ತರು ಎಷ್ಟು ಗೊಣಗಿದರೂ.

ಮಾನ್ವಿಯಲ್ಲಿ ಒಂದು ಮಧ್ಯಾಹ್ನ ನಾನು ಆ ಕಟ್ಟಳೆ ಬಿಟ್ಟೆ. ಬಾಯಾರು ದೇವದುರ್ಗದಲ್ಲಿದ್ದರು. ನಮ್ಮ ಕಕ್ಷಿದಾರಳು ಹುಸೇನಮ್ಮ, ಅಣ್ಣಂದಿರೊಡನೆ ಹೊಲದ ರಾಜಿಗೆ ಬಂದಿದ್ದಳು. ನನಗೆ ಬಸ್ಸು ತಪ್ಪುವ ಆತುರ. ಅಣ್ಣಂದಿರ ವಕೀಲರು ತಂದ ಕಾಗದದ ಮೇಲೆ ಕಣ್ಣಾಡಿಸಿ, ಎಲ್ಲಾ ಸರಿಯಿದೆ ಎಂದು ಹೆಬ್ಬೆಟ್ಟು ಒತ್ತಿಸಿದೆ. ಮಾತಾಗಿದ್ದುದು ಬಾವಿಯ ಹೊಲ. ಕಾಗದದಲ್ಲಿ ಆಕೆಯ ಪಾಲಿಗೆ ಬಂದದ್ದು ಕಲ್ಲಿನ ಹೊಲ. ತಿಂಗಳಾದ ಮೇಲೆ ಆಕೆ ರಾಯಚೂರಿಗೆ ಬಂದು, ನನಗೆ ಯಾರೂ ಓದಿ ಹೇಳಲಿಲ್ಲ ಎಂದಳು. ಬಾಯಾರು ನನ್ನ ಕಡೆ ತಿರುಗಿದರು. ಓದಿ ಹೇಳಿದ್ದೆ ಎಂದೆ.

ಅವರು ನಂಬಿದರು. "ನಮ್ಮ ಆಫೀಸಿನ್ಯಾಗ ಹಂಗ ಆಗಂಗಿಲ್ಲ ಯವ್ವಾ, ನೀನ ಮರ್ತಿರಬೇಕು," ಎಂದು ಆಕೆಗೆ ಹೇಳಿದರು. ಹುಸೇನಮ್ಮ ಚಪ್ಪಲಿ ಮೆಟ್ಟಿಕೊಂಡು ಹೋದಳು. ಇದನ್ನು ಬರೆಯುವಾಗಲೂ ನನಗೆ ನಾಚಿಕೆಯಾಗುತ್ತದೆ.

ಹೋದ ವರ್ಷ ಲಕ್ವಾ ಹೊಡೆದು ಬಾಯಾರ ಬಲಗೈ ಬಿದ್ದುಹೋಯಿತು, ಕಣ್ಣೂ ಮಂದವಾಯಿತು. ಉಯಿಲು ಬರೆಯಲು ನನ್ನನ್ನೇ ಕರೆಸಿದರು. ಬರೆದು ಮುಗಿಸಿದಾಗ "ಓದಿ ಹೇಳು ಮೊದ್ಲ," ಎಂದರು. ಓದಿದೆ. ಒಂದೊಂದನ್ನೂ ತಿರುಗಿ ಹೇಳಿ ಎಡಗೈ ಹೆಬ್ಬೆಟ್ಟು ಒತ್ತಿದರು. ನಾನು ಅದರ ಮಸಿ ಒರೆಸುತ್ತಿದ್ದಾಗ ಕೇಳಿದರು: "ಹುಸೇನಮ್ಮಗೂ ಹಿಂಗ ಓದಿ ಹೇಳಿದ್ದಿ, ಹೌದಿಲ್ಲೋ?"

ಇಷ್ಟು ವರ್ಷ ಅದು ಅವರನ್ನು ಕೊರೆಯುತ್ತಿತ್ತೆಂದು ಆಗ ತಿಳಿಯಿತು. ನಾನು ನಿಜ ಹೇಳಿಬಿಟ್ಟಿದ್ದರೆ, ಮಲಗಿದ್ದಲ್ಲಿಂದಲೇ ಆ ಹೆಂಗಸಿಗೊಂದು ದಾರಿ ಹುಡುಕುತ್ತಿದ್ದರು. "ಹೌದ್ರಿ ಬಾಯಾರ," ಎಂದೆ.

"ಹಂಗಾದ್ರ ಆತು ಬಿಡು," ಎಂದು ಕಣ್ಣು ಮುಚ್ಚಿದರು.

ಎಂಟು ದಿನಕ್ಕೆ ತೀರಿಕೊಂಡರು. ಸುದ್ದಿ ತಿಳಿದು ಮಾನ್ವಿಯಿಂದ ಹುಸೇನಮ್ಮನೂ ಹಾರ ತಂದಿದ್ದಳು. ಅಂಗಳದಲ್ಲಿ ನನ್ನ ಪಕ್ಕ ನಿಂತು ಬಹಳ ಹೊತ್ತು ಅತ್ತಳು. ಆಮೇಲೆ ಕಣ್ಣೊರೆಸಿಕೊಂಡು, "ಅವರು ಸುಳ್ಳು ಹೇಳೋರಲ್ಲ ಬಿಡ್ರಿ. ನಾನ ಮರ್ತಿದ್ದೆ ಕಾಣಸ್ತದ," ಎಂದಳು.

ಆಗಲೂ ನಾನು ಬಾಯಿ ಬಿಡಲಿಲ್ಲ.