ಕತ್ತರಿಸಿದ ಒಂಬತ್ತು ಸೆಕೆಂಡು

1996ರಲ್ಲಿ ನಾನು ವಾಷಿಂಗ್ಟನ್‌ನ ಒಂದು ಖಾಸಗಿ ಲ್ಯಾಬ್‌ನಲ್ಲಿ ಕಿರಿಯ ಆಡಿಯೊ ಎಂಜಿನಿಯರ್ ಆಗಿದ್ದೆ. ಹಳೆಯ ಟೇಪುಗಳ ಧ್ವನಿಯನ್ನು ಡಿಜಿಟಲ್‌ಗೆ ವರ್ಗಾಯಿಸುವುದು ನನ್ನ ಕೆಲಸ. ಎಪ್ಪತ್ತರ ದಶಕದ ಕೆಲವು ಟೇಪುಗಳಿಗೆ ಒಂದು ಕಾಯಿಲೆಯಿದೆ. ಧ್ವನಿಯನ್ನು ಹೊತ್ತ ಕಂದು ಪುಡಿಯನ್ನು ಹಿಡಿದಿಡುವ ಅಂಟು ತೇವ ಹೀರಿ ಜಿಗುಟಾಗುತ್ತದೆ. ಹಾಗೆಯೇ ಓಡಿಸಿದರೆ ಪುಡಿ ಕಿತ್ತು ಬರುತ್ತದೆ, ಅದರೊಂದಿಗೆ ಸಂಗೀತವೂ ಹೋಗುತ್ತದೆ. ಆದ್ದರಿಂದ ಮೊದಲು ಸುಮಾರು 54 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಎಂಟು ಗಂಟೆ ಒಣಗಿಸುತ್ತೇವೆ. ಇದನ್ನು ಬೇಕಿಂಗ್ ಎನ್ನುತ್ತೇವೆ.

ಮಾರ್ಚ್‌ನಲ್ಲಿ ಹತ್ತಿರದ ಸೆಂಟರ್‌ವಿಲ್ ಊರಿನಿಂದ ರಘುನಾಥ ಅಂಕಲ್ ಅಂಥ ಒಂದು ಟೇಪು ತಂದರು. ನನ್ನಂತೆಯೇ ಮೈಸೂರಿನವರು, ಮೃದಂಗ ವಿದ್ವಾನ್. 1976ರಲ್ಲಿ ಲಂಡನ್‌ನಲ್ಲಿ ಐವರು ಸೇರಿ ಕಟ್ಟಿದ ಜಾಝ್-ರಾಕ್ ಬ್ಯಾಂಡಿನಲ್ಲಿ ಅವರೂ ಒಬ್ಬರು. ಆ ಕ್ಷಣಕ್ಕೆ ಹೊಳೆದಂತೆ ನುಡಿಸುವ ಜಾಝ್‌ನ ಮನೋಧರ್ಮಕ್ಕೆ ರಾಕ್‌ನ ಎಲೆಕ್ಟ್ರಿಕ್ ಗಿಟಾರು, ಡ್ರಮ್ಸ್ ಸೇರಿದ ಸಂಗೀತ ಅದು. ಉಳಿದ ನಾಲ್ವರು ಬ್ರಿಟಿಷರು, ಬೇರೆ ಬೇರೆ ತಂಡಗಳಲ್ಲಿ ಇಪ್ಪತ್ತು ವರ್ಷ ಪಳಗಿದವರು. ಬ್ಯಾಂಡಿನ ಹೆಸರು ಮೂರು ಸಲ ಬದಲಾಯಿತು. ಹನ್ನೊಂದು ತಿಂಗಳಿಗೆ ಬ್ಯಾಂಡೇ ಮುಗಿಯಿತು. ರೆಕಾರ್ಡ್ ಒಂದೂ ಹೊರಬರಲಿಲ್ಲ. ಉಳಿದದ್ದು ಕೊನೆಯ ಕಛೇರಿಯ ಈ ಟೇಪು ಮಾತ್ರ.

"ನಮ್ಮ ಡ್ರಮ್ಮರ್ ಕೆನ್‌ಗೆ ಸ್ಟ್ರೋಕ್ ಆಗಿದೆಯಮ್ಮ. ಮಾತು ಹೋಗಿದೆ," ಎಂದರು. "ಮುಂದಿನ ಭಾನುವಾರ ಫ್ಲೈಟು, ಅವನನ್ನ ನೋಡೋಕೆ ಹೋಗ್ತಿದೀನಿ. ಅವನ ದನಿ ಅವನಿಗೆ ಒಂದು ಸಲ ಕೇಳಿಸ್ಬೇಕು."

ಡ್ರಮ್ಮರ್‌ನ ದನಿ ಎಂದರೆ ಡ್ರಮ್ಸ್ ಎಂದೇ ನಾನು ತಿಳಿದೆ. ಬೇಕಿಂಗ್ ಮುಗಿಸಿ ವರ್ಗಾವಣೆ ಶುರು ಮಾಡಿದೆ. ಎರಡು ಹಾಡುಗಳ ನಡುವೆ ಗದ್ದಲವಿದ್ದರೆ ಅದನ್ನು ಬಿಡುವುದು ನಮ್ಮಲ್ಲಿನ ರೂಢಿ. ಮೃದಂಗವೊಂದೇ ನುಡಿಯುವ ತನಿ ಮುಗಿದು ಕೊನೆಯ ಹಾಡು ಶುರುವಾಗುವ ನಡುವೆ ಟೇಪು ಯಂತ್ರವನ್ನೂ ರೆಕಾರ್ಡರನ್ನೂ ನಿಲ್ಲಿಸಿ, ಒಂಬತ್ತು ಸೆಕೆಂಡು ಬಿಟ್ಟೆ. ಲಾಗ್ ಶೀಟಿನಲ್ಲಿ "ಅಸ್ಪಷ್ಟ ಮಾತು, ಕುರ್ಚಿಗಳ ಸದ್ದು" ಎಂದು ಬರೆದೆ.

ಬುಧವಾರ ಅಂಕಲ್ ಬಂದು ಹೆಡ್‌ಫೋನ್ ಹಾಕಿಕೊಂಡು ಕಣ್ಣು ಮುಚ್ಚಿದರು. ತನಿ ಮುಗಿದು ನೇರವಾಗಿ ಹಾಡು ಶುರುವಾಗುತ್ತಿದ್ದಂತೆ ಕಣ್ಣು ಬಿಟ್ಟು ಹೆಡ್‌ಫೋನ್ ತೆಗೆದರು.

"ಎಣಿಕೆ ಎಲ್ಲಮ್ಮ?"

"ಯಾವ ಎಣಿಕೆ, ಅಂಕಲ್?"

"ನನ್ನ ತನಿ ಆದ್ಮೇಲೆ ಕೆನ್ ಒಂದರಿಂದ ಏಳು ಎಣಿಸ್ತಾನಲ್ಲ, ಕನ್ನಡದಲ್ಲಿ. ಅವನು 'ಏಳು' ಅಂದ ತಕ್ಷಣ ಎಲ್ರೂ ಕುರ್ಚಿ ಬಿಟ್ಟು ಏಳೋದು, ನುಡಿಸೋಕೆ ಶುರು ಮಾಡೋದು. ಆ ಪದಕ್ಕೆ ಎರಡರ್ಥ ಅಂತ ನಾನೇ ಹೇಳ್ಕೊಟ್ಟಿದ್ದೆ. ಅದು ಬಿಟ್ರೆ ಟೇಪಲ್ಲಿ ಅವನ ಮಾತೇ ಇಲ್ಲ."

ನನಗೆ ತಲೆ ಎತ್ತಲಾಗಲಿಲ್ಲ. "ಇಂಗ್ಲಿಷಲ್ಲಿ ಏನೋ ಗೊಣಗ್ತಿದಾರೆ ಅನ್ಕೊಂಡು ಕಟ್ ಮಾಡ್ಬಿಟ್ಟೆ, ಅಂಕಲ್. ಸಾರಿ."

"ಮೈಸೂರಿನ ಹುಡುಗಿಗೇ ಗೊತ್ತಾಗ್ಲಿಲ್ಲ ಅಂದ್ರೆ ಕನ್ನಡ ಮೇಷ್ಟ್ರಾಗಿ ನಾನು ಫೇಲು ಬಿಡು," ಎಂದರು. ಆದರೆ ಹೆಡ್‌ಫೋನನ್ನು ಕೈಯಿಂದ ಕೆಳಗಿಡಲಿಲ್ಲ.

ಟೇಪನ್ನು ಇನ್ನೊಮ್ಮೆ ಓಡಿಸಲೇಬೇಕಿತ್ತು. ಅದು ಆಗಲೇ ತೇವ ಹೀರತೊಡಗಿತ್ತು. ಮೊದಲ ಸಲ ಯಂತ್ರ ನಿಲ್ಲಿಸಿದ್ದು ಅದೇ ಜಾಗದಲ್ಲಿ, ಆಗ ಯಂತ್ರಕ್ಕೆ ಪುಡಿ ಅಂಟಿದ್ದನ್ನೂ ನಾನು ಕಂಡಿದ್ದೆ. ಆ ಭಾಗ ಉಳಿಯುತ್ತದೆಂದು ಹೇಳಲಾಗದು ಎಂದು ನನ್ನ ಮೇಲಧಿಕಾರಿ ಸ್ಪಷ್ಟವಾಗಿ ತಿಳಿಸಿದರು. ಅಂಕಲ್ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿದರು. ಗುರುವಾರ ಮತ್ತೆ ಎಂಟು ಗಂಟೆ ಬೇಕಿಂಗ್. ಶುಕ್ರವಾರ ಬೆಳಿಗ್ಗೆ ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡೇ ಟೇಪು ಓಡಿಸಿದೆ.

"ವೊಂಡು, ಯೆರಡು, ಮೂರು..." ನಾಲ್ಕರ ಜಾಗದಲ್ಲಿ ಏನೂ ಇಲ್ಲ. ಪುಡಿ ಉದುರಿಹೋಗಿತ್ತು. "ಐಡು, ಆರು, ಯೇಲು." ಕುರ್ಚಿಗಳು ಕಿರುಗುಟ್ಟಿದವು. ಯಾರೋ ನಕ್ಕರು. ಹಾಡು ಶುರುವಾಯಿತು.

"ನಾಲ್ಕು ಹೋಯ್ತು, ಅಂಕಲ್."

"ಹೋಗ್ಲಿ ಬಿಡಮ್ಮ. ಅವನ ನಾಲ್ಕು ಕೇಳೋ ಹಾಗೇ ಇರ್ಲಿಲ್ಲ," ಎಂದು ಕಿಟಕಿಯ ಕಡೆ ತಿರುಗಿದರು. ನಾನು ಸದ್ದಿನ ಮಟ್ಟ ತೋರಿಸುವ ಮೀಟರ್ ನೋಡುತ್ತ ಕುಳಿತೆ.

ಭಾನುವಾರ ಅವರು ನಾನು ಮಾಡಿಕೊಟ್ಟ ಪ್ರತಿಯ ಕ್ಯಾಸೆಟ್ ಜೊತೆ ಇಂಗ್ಲೆಂಡಿಗೆ ಹೊರಟರು. ಆ ವಾರದ ಕೊನೆಗೆ ಅಲ್ಲಿಂದ ಲ್ಯಾಬಿಗೆ ಫೋನ್ ಮಾಡಿದರು.

"ಕೇಳಿದ ಕಣಮ್ಮ. ಮೊದಲ್ನೇ ಸಲ ಮುಖದಲ್ಲಿ ಏನೂ ಕಾಣ್ಲಿಲ್ಲ. ಎರಡನೇ ಸಲ ಹಾಕ್ದಾಗ, ನಾಲ್ಕು ಬರ್ಬೇಕಾದ ಜಾಗದಲ್ಲಿ ಎಡಗೈ ಬೆರಳಲ್ಲಿ ಮಂಚದ ಕಂಬಿ ತಟ್ಟಿದ. ಕರೆಕ್ಟಾಗಿ ಅಲ್ಲೇ."

ಗದ್ದಲ ಯಾವುದು, ಉಳಿಸಬೇಕಾದ್ದು ಯಾವುದು ಎಂದು ಒಬ್ಬಳೇ ತೀರ್ಮಾನಿಸುವುದನ್ನು ನಾನು ಅಂದೇ ಬಿಟ್ಟೆ. ಈಗ ಟೇಪನ್ನು ಮೊದಲಿನಿಂದ ಕೊನೆಯವರೆಗೆ ಪೂರ್ತಿ ವರ್ಗಾಯಿಸುತ್ತೇನೆ. ನಂತರ ತಂದವರ ಪಕ್ಕದಲ್ಲಿ ಕುಳಿತು, ಅರ್ಥವಾಗದ ಪ್ರತಿ ಸದ್ದನ್ನೂ ತೋರಿಸಿ, ಇದು ಯಾರು ಎಂದು ಕೇಳುತ್ತೇನೆ.